ಮಕ್ಕಳ ಮಟ್ಟ ತಿಳಿಯಲು ಹೊರಟ ಆಲ್‌ಫ್ರೆಡ್ ಬಿನೆ



ಹಿರಿಯೂರಿನ ಬಳಿ ಇರುವ ವಾಣಿವಿಲಾಸ ಸಾಗರವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹಿರಿಯರ ಬಾಯಲ್ಲಿ ಅದು ಮಾರಿಕಣಿವೆ. ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಆರಂಭಿಸಿದ ಈ ಅಣೆಕಟ್ಟು 1907ರಲ್ಲಿ ಪೂರ್ಣವಾಯಿತು. ಜಲಾಶಯದಲ್ಲಿ ಎಷ್ಟು ಅಡಿ ನೀರಿದೆ ಎಂದು ಅಳೆದು ಬರೆದಿಡುತ್ತಾರೆ. ಪೂರ್ಣ ತುಂಬಿದಾಗ ಮಟ್ಟ 130 ಅಡಿ. ಈಗ ಎಷ್ಟು ಅಡಿ ಇದೆ ಎಂದು ಗೊತ್ತಾದರೆ ನಾಲೆಗೆ ಎಷ್ಟು ನೀರು ಬಿಡಬಹುದು, ಕುಡಿಯಲು ಎಷ್ಟು ಉಳಿಸಬೇಕು ಎಂದು ತೀರ್ಮಾನಿಸಬಹುದು. ನೀರಿನ ಮಟ್ಟ ಕಡಿಮೆ ಬಂತೆಂದು ಯಾರೂ ಅಣೆಕಟ್ಟನ್ನು ಬೈಯುವುದಿಲ್ಲ.

ಶಾಲೆಯಲ್ಲಿಯೂ ಇಂಥದೊಂದು ಅಳತೆ ನಡೆಯುತ್ತದೆ. ಅದೇ ಪರೀಕ್ಷೆ. ಆದರೆ ಉತ್ತರಪತ್ರಿಕೆ ಕೈಗೆ ಬಂದ ದಿನ ನಾವು ಏನು ಮಾಡುತ್ತೇವೆ? ಹೆಚ್ಚು ಅಂಕ ಬಂದವನನ್ನು ಜಾಣ ಎನ್ನುತ್ತೇವೆ. ಕಡಿಮೆ ಅಂಕ ಬಂದವನನ್ನು ದಡ್ಡ ಎಂದು ಕರೆದು ಸುಮ್ಮನಾಗುತ್ತೇವೆ. ಆ ಹೆಸರು ಕೆಲವರಿಗೆ ಶಾಲೆ ಬಿಡುವವರೆಗೂ ಅಂಟಿಕೊಂಡಿರುತ್ತದೆ. ಅಳತೆ ಮಾಡಿದ್ದು ಏತಕ್ಕೆ ಎಂಬುದೇ ಮರೆತುಹೋಗುತ್ತದೆ.

ಮಾರಿಕಣಿವೆ ಅಣೆಕಟ್ಟು ಏಳುತ್ತಿದ್ದ ಅದೇ ವರ್ಷಗಳಲ್ಲಿ ದೂರದ ಪ್ಯಾರಿಸ್ ನಗರದಲ್ಲಿ ಒಬ್ಬ ವಿಜ್ಞಾನಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದ. ಅವನೇ ಆಲ್‌ಫ್ರೆಡ್ ಬಿನೆ. ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು ಕಂಡುಹಿಡಿದವನು ಎಂದು ಅವನ ಹೆಸರು ಜಗತ್ತಿಗೆಲ್ಲ ಗೊತ್ತು. ಆ ಪರೀಕ್ಷೆಯನ್ನು ಅವನು ಏಕೆ ರಚಿಸಿದ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಓದಿದ್ದು ಕಾನೂನು, ಒಲಿದದ್ದು ಮನೋವಿಜ್ಞಾನ

ಬಿನೆ 1857ರ ಜುಲೈ 8ರಂದು ನೀಸ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದ. ತಂದೆ ವೈದ್ಯ, ತಾಯಿ ಚಿತ್ರ ಬರೆಯುವವಳು. ತಂದೆ ತಾಯಿ ಬೇರೆಯಾದ ಮೇಲೆ ಬಿನೆ ತಾಯಿಯ ಆರೈಕೆಯಲ್ಲಿ ಬೆಳೆದ. ಹೆಚ್ಚಿನ ಓದಿಗಾಗಿ ಪ್ಯಾರಿಸ್‌ಗೆ ಬಂದ.

ವಿದ್ಯಾರ್ಥಿಯಾಗಿದ್ದಾಗ ಒಂದು ಮೌಖಿಕ ಪರೀಕ್ಷೆಯಲ್ಲಿ ಅವನು ಗ್ರೀಕ್ ತತ್ತ್ವಜ್ಞಾನಿಯ ಹೆಸರನ್ನು ತಪ್ಪಾಗಿ ಹೇಳಿದ. ಸಿಟ್ಟಾದ ಪರೀಕ್ಷಕ, ನಿನಗೆ ತತ್ತ್ವಶಾಸ್ತ್ರ ಎಂದೆಂದಿಗೂ ಒಲಿಯದು ಎಂದುಬಿಟ್ಟ. ಒಂದು ತಪ್ಪು ಉತ್ತರ, ಅದಕ್ಕೆ ಇಡೀ ಜೀವಮಾನದ ತೀರ್ಪು! ಎಂದೆಂದಿಗೂ ಎಂಬ ಆ ಮಾತು ಬಿನೆಯ ಮನಸ್ಸಿನಲ್ಲಿ ಉಳಿಯಿತು. ಎಷ್ಟೋ ವರ್ಷಗಳ ನಂತರ, ಮಕ್ಕಳ ಬಗ್ಗೆ ಪುಸ್ತಕ ಬರೆಯುವಾಗ ಅವನು ಈ ಘಟನೆಯನ್ನು ನೆನೆದಿದ್ದಾನೆ.

1878ರಲ್ಲಿ ಬಿನೆ ಕಾನೂನು ಪದವಿ ಪಡೆದ. ಆದರೆ ವಕೀಲಿಯಲ್ಲಿ ಮನಸ್ಸು ನಿಲ್ಲಲಿಲ್ಲ. ವೈದ್ಯಕೀಯ ಓದಲು ಹೊರಟ, ಅದೂ ಪೂರ್ಣವಾಗಲಿಲ್ಲ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನೋವಿಜ್ಞಾನದ ಪುಸ್ತಕಗಳನ್ನು ತಾನೇ ಓದತೊಡಗಿದ. ಅಲ್ಲಿ ಅವನಿಗೆ ತನ್ನ ದಾರಿ ಸಿಕ್ಕಿತು.

ಅಯಸ್ಕಾಂತ ಕಲಿಸಿದ ಪಾಠ

ಆ ಕಾಲದಲ್ಲಿ ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ಹೆಸರಾಂತ ವೈದ್ಯನಿದ್ದ. 1883ರಲ್ಲಿ ಬಿನೆ ಅಲ್ಲಿ ಕೆಲಸಕ್ಕೆ ಸೇರಿದ. ಸಮ್ಮೋಹನಕ್ಕೆ ಒಳಗಾದ ರೋಗಿಯ ಬಳಿ ಅಯಸ್ಕಾಂತವನ್ನು ಸರಿಸಿದರೆ, ಬಲಗೈಯಲ್ಲಿದ್ದ ಲಕ್ಷಣ ಎಡಗೈಗೆ ದಾಟುತ್ತದೆ ಎಂದು ಬಿನೆ ಮತ್ತು ಅವನ ಜೊತೆಗಾರ ಪ್ರಕಟಿಸಿದರು. ದೊಡ್ಡ ಶೋಧ ಮಾಡಿದೆವೆಂದು ಸಂತೋಷಪಟ್ಟರು.

ಬೆಲ್ಜಿಯಂ ದೇಶದ ಡೆಲ್‌ಬಫ್ ಎಂಬ ವಿದ್ವಾಂಸನಿಗೆ ಇದು ನಂಬಲು ಕಷ್ಟವಾಯಿತು. ಅವನು ಬಂದು ಪ್ರಯೋಗವನ್ನು ಕಣ್ಣಾರೆ ಕಂಡ. ಪ್ರಯೋಗ ಮಾಡುವವರು ಮುಂದೆ ಏನಾಗಬೇಕು ಎಂಬುದನ್ನು ರೋಗಿಯ ಎದುರೇ ಮಾತನಾಡಿಕೊಳ್ಳುತ್ತಿದ್ದರು! ಅಯಸ್ಕಾಂತವನ್ನು ಮುಚ್ಚಿಡುತ್ತಲೂ ಇರಲಿಲ್ಲ. ರೋಗಿಗಳು ತಮ್ಮಿಂದ ಏನನ್ನು ನಿರೀಕ್ಷಿಸುತ್ತಿದ್ದಾರೆಂದು ತಿಳಿದು ಹಾಗೆಯೇ ನಡೆದುಕೊಳ್ಳುತ್ತಿದ್ದರು. ಬಿನೆ ಮೊದಲು ವಾದಿಸಿದ. ಕೊನೆಗೆ ತಾನು ತಪ್ಪಿದ್ದೇನೆಂದು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಾಯಿತು. 1890ರಲ್ಲಿ ಆಸ್ಪತ್ರೆಯನ್ನು ಬಿಟ್ಟ.

ಇದು ಅವಮಾನವೇನೋ ಹೌದು. ಆದರೆ ಬಿನೆ ಇದರಿಂದ ಪಾಠ ಕಲಿತ. ಪರೀಕ್ಷಿಸುವವನ ಮಾತು, ಮುಖಭಾವ, ಆಸೆ ಇವೆಲ್ಲ ಉತ್ತರವನ್ನು ಬದಲಿಸಬಲ್ಲವು. ಇದನ್ನು ಅವನು ಮುಂದೆ ಶಾಲಾ ಮಕ್ಕಳಲ್ಲಿಯೂ ಪರೀಕ್ಷಿಸಿ ನೋಡಿದ. ಮಕ್ಕಳಿಗೆ ಒಂದಾದ ಮೇಲೊಂದು ಗೆರೆ ತೋರಿಸುತ್ತಿದ್ದ. ಮೊದಲ ಕೆಲವು ಗೆರೆಗಳು ಉದ್ದವಾಗುತ್ತ ಹೋಗುತ್ತಿದ್ದವು. ಆಮೇಲಿನವು ಒಂದೇ ಅಳತೆಯವು. ಆದರೂ ಎಷ್ಟೋ ಮಕ್ಕಳು ಗೆರೆ ಬೆಳೆಯುತ್ತಲೇ ಇದೆ ಎಂದು ತಿಳಿದು ಮುಂದೆ ಮುಂದೆ ಗುರುತು ಹಾಕುತ್ತಿದ್ದರು.

ಮನೆಯೇ ಪ್ರಯೋಗಶಾಲೆ

ಬಿನೆಗೆ ಇಬ್ಬರು ಹೆಣ್ಣುಮಕ್ಕಳು, ಮ್ಯಾಡಲೀನ್ ಮತ್ತು ಆಲಿಸ್. ಆಸ್ಪತ್ರೆ ಬಿಟ್ಟ ದಿನಗಳಲ್ಲಿ ಅವನು ಈ ಮಕ್ಕಳನ್ನೇ ಗಮನಿಸುತ್ತಿದ್ದ. ನಡೆಯಲು ಕಲಿಯುವಾಗ ದೊಡ್ಡವಳು ಕುರ್ಚಿ, ಮೇಜು ಹಿಡಿದುಕೊಂಡು, ಮುಂದಿನ ಆಸರೆ ಎಲ್ಲಿದೆ ಎಂದು ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದಳು. ಚಿಕ್ಕವಳು ಬಿದ್ದರೆ ಬೀಳಲಿ ಎಂದು ಕೋಣೆಯ ನಡುವಿಗೇ ನಡೆದುಬಿಡುತ್ತಿದ್ದಳು. ಒಂದೇ ಮನೆ, ಒಂದೇ ತಂದೆತಾಯಿ. ಆದರೂ ಕಲಿಯುವ ರೀತಿ ಬೇರೆ ಬೇರೆ.

ಒಂದು ಕಡೆ ದೊಡ್ಡ ಬಿಲ್ಲೆಗಳು, ಇನ್ನೊಂದು ಕಡೆ ಸಣ್ಣ ಬಿಲ್ಲೆಗಳನ್ನು ಹರಡಿ, ಎಲ್ಲಿ ಹೆಚ್ಚು ಇವೆ ಎಂದು ಬಿನೆ ಕೇಳುತ್ತಿದ್ದ. ಎಣಿಸಲು ಕಲಿಯದ ಮಗು ಹೆಚ್ಚು ಜಾಗ ತುಂಬಿದ ಕಡೆಗೆ ಬೆರಳು ತೋರಿಸುತ್ತಿತ್ತು. ಚಾಕು ಎಂದರೇನು ಎಂದು ಕೇಳಿದರೆ ಚಿಕ್ಕ ಮಕ್ಕಳು ಅದರ ಉಪಯೋಗವನ್ನು ಹೇಳುತ್ತಿದ್ದರು, ಅದು ಕತ್ತರಿಸಲು ಇರುವುದು ಎಂದು. ಮಗು ದೊಡ್ಡದಾದಂತೆ ಉತ್ತರಗಳೂ ಬದಲಾಗುತ್ತಿದ್ದವು. ವಯಸ್ಸಿನೊಂದಿಗೆ ಯೋಚನೆ ಮೆಟ್ಟಿಲು ಹತ್ತುತ್ತದೆ ಎಂಬುದು ಅವನಿಗೆ ಹೀಗೆ ಸ್ಪಷ್ಟವಾಯಿತು.

1891ರಲ್ಲಿ ಬಿನೆ ಸೋರ್ಬಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ಕೆಲಸ ಆರಂಭಿಸಿದ. 1894ರಲ್ಲಿ ಅದರ ನಿರ್ದೇಶಕನಾದ. ಅದೇ ವರ್ಷ ಕೀಟಗಳ ನರಮಂಡಲವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದ. ಇಷ್ಟಾದರೂ ಸೋರ್ಬಾನ್‌ನಲ್ಲಿ ಪ್ರಾಧ್ಯಾಪಕನ ಹುದ್ದೆ ಅವನಿಗೆ ಕೊನೆಯವರೆಗೂ ಸಿಗಲಿಲ್ಲ.

ತಲೆ ಅಳೆದರೆ ಬುದ್ಧಿ ತಿಳಿಯುವುದೇ?

ದೊಡ್ಡ ತಲೆಯವರಿಗೆ ಹೆಚ್ಚು ಬುದ್ಧಿ ಎಂದು ಆಗಿನ ಅನೇಕ ವಿದ್ವಾಂಸರು ನಂಬಿದ್ದರು. ಬಿನೆಯೂ ನಂಬಿದ್ದ. ಶಾಲೆಗಳಿಗೆ ಹೋಗಿ, ಶಿಕ್ಷಕರು ಜಾಣರೆಂದು ಹೇಳಿದ ಮಕ್ಕಳ ಮತ್ತು ಹಿಂದುಳಿದವರೆಂದು ಹೇಳಿದ ಮಕ್ಕಳ ತಲೆಗಳನ್ನು ಅಳೆದ. ವ್ಯತ್ಯಾಸ ಅತಿ ಸಣ್ಣದು. ತನಗೆ ಬೇಕಾದ ಉತ್ತರ ಬರಲಿ ಎಂಬ ಆಸೆ ತನ್ನ ಕೈಯನ್ನೇ ಎಳೆಯುತ್ತಿರಬಹುದೆಂದು ಅವನಿಗೆ ಅನುಮಾನ ಬಂತು. ಅಯಸ್ಕಾಂತದ ಪಾಠ ನೆನಪಿತ್ತಲ್ಲವೇ? ಮತ್ತೆ ಅಳೆದು ಪರಿಶೀಲಿಸಿದ. ಮಗುವಿನ ಬುದ್ಧಿ ತಿಳಿಯಲು ಈ ದಾರಿ ಪ್ರಯೋಜನವಿಲ್ಲ ಎಂದು ಕೈಬಿಟ್ಟ. ತಲೆಯ ಅಳತೆಯನ್ನು ಬಿಟ್ಟು, ಮಗು ಏನು ಮಾಡಬಲ್ಲದು ಎಂಬುದನ್ನೇ ನೋಡಬೇಕು ಎಂದು ನಿರ್ಧರಿಸಿದ.

ಹಿಂದೆ ಬಿದ್ದ ಮಕ್ಕಳಿಗಾಗಿ

ಫ್ರಾನ್ಸಿನಲ್ಲಿ 1881 ಮತ್ತು 1882ರ ಕಾನೂನುಗಳು ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದ್ದವು. ಆವರೆಗೆ ಶಾಲೆಯ ಮುಖ ನೋಡದಿದ್ದ ಮನೆಗಳ ಮಕ್ಕಳೂ ಶಾಲೆಗೆ ಬಂದರು. ಎಲ್ಲರೂ ಒಂದೇ ವೇಗದಲ್ಲಿ ಕಲಿಯಲಿಲ್ಲ. ಕಲಿಯದ ಮಕ್ಕಳನ್ನು ಏನು ಮಾಡುವುದು? 1904ರಲ್ಲಿ ಶಿಕ್ಷಣ ಸಚಿವಾಲಯ ಒಂದು ಸಮಿತಿ ನೇಮಿಸಿತು. ಬಿನೆ ಅದರ ಸದಸ್ಯನಾದ. ಸರಿಯಾಗಿ ಪರೀಕ್ಷಿಸದೆ ಯಾವ ಮಗುವನ್ನೂ ಸಾಮಾನ್ಯ ತರಗತಿಯಿಂದ ತೆಗೆದು ಬೇರೆ ಕಡೆಗೆ ಕಳಿಸಬಾರದು ಎಂದು ಸಮಿತಿ ಹೇಳಿತು.

ಆದರೆ ಪರೀಕ್ಷಿಸುವುದು ಹೇಗೆ? ಒಬ್ಬ ಶಿಕ್ಷಕರಿಗೆ ಹಿಂದುಳಿದವನಾಗಿ ಕಂಡ ಮಗು ಇನ್ನೊಬ್ಬರಿಗೆ ಬರೀ ತುಂಟನಾಗಿ ಕಾಣಬಹುದು. ತಪ್ಪು ತೀರ್ಮಾನವಾದರೆ ಆ ಮಗುವಿನ ಬಾಳಿನ ದಾರಿಯೇ ಬದಲಾಗುತ್ತದೆ. ಆದ್ದರಿಂದ ಬಿನೆ ಮತ್ತು ಥಿಯೋಡೋರ್ ಸಿಮೋನ್ ಎಂಬ ಯುವ ವೈದ್ಯ ಸೇರಿ 1905ರಲ್ಲಿ 30 ಚಿಕ್ಕ ಪರೀಕ್ಷೆಗಳ ಒಂದು ಮಾಲೆ ಸಿದ್ಧಪಡಿಸಿದರು.

ಅವು ಸುಲಭದಿಂದ ಕಷ್ಟಕ್ಕೆ ಸಾಗುತ್ತಿದ್ದವು. ಉರಿಯುವ ಬೆಂಕಿಕಡ್ಡಿ ಆಚೀಚೆ ಸರಿದಂತೆ ಕಣ್ಣು ಅದರ ಹಿಂದೆ ಹೋಗುತ್ತದೆಯೇ? ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳಬಲ್ಲದೇ? ಮೂರು ಅಂಕಿಗಳನ್ನು ಕೇಳಿ ಹಾಗೆಯೇ ಹೇಳಬಲ್ಲದೇ? ಎರಡು ತೂಕಗಳಲ್ಲಿ ಯಾವುದು ಭಾರ? ನೊಣಕ್ಕೂ ಚಿಟ್ಟೆಗೂ ಏನು ವ್ಯತ್ಯಾಸ? ಮಗುವಿಗೆ ಭಯವಾಗಬಾರದು, ಶಾಂತವಾದ ಕೋಣೆಯಲ್ಲಿ ಪ್ರೀತಿಯಿಂದ ಮಾತನಾಡಿಸಬೇಕು, ಆದರೆ ಉತ್ತರದ ಸುಳಿವು ಕೊಡಬಾರದು ಎಂದು ಪರೀಕ್ಷಿಸುವವರಿಗೆ ನಿಯಮವಿತ್ತು.

1908ರಲ್ಲಿ ಈ ಪರೀಕ್ಷೆಗಳನ್ನು 3 ವರ್ಷದಿಂದ 13 ವರ್ಷದವರೆಗೆ ವಯಸ್ಸಿಗೆ ತಕ್ಕಂತೆ ಜೋಡಿಸಿದರು. 9 ವರ್ಷದ ಮಗು 7 ವರ್ಷದವರ ಪ್ರಶ್ನೆಗಳವರೆಗೆ ಮಾತ್ರ ಉತ್ತರಿಸಿದರೆ, ಅದರ ಸದ್ಯದ ಮಟ್ಟ 7 ವರ್ಷದ್ದು. ಸದ್ಯದ್ದು ಎಂಬ ಮಾತು ಇಲ್ಲಿ ಮುಖ್ಯ. ಅದು ಇಂದಿನ ಮಟ್ಟ, ನಾಳೆ ಅದು ಏರಬಹುದು ಎಂಬುದೇ ಬಿನೆಯ ನಿಲುವಾಗಿತ್ತು.

ಶಾಲೆಯೊಳಗೊಂದು ಪ್ರಯೋಗಾಲಯ

ಬಿನೆ ಬರೀ ಬುದ್ಧಿಯ ಪರೀಕ್ಷೆಗೆ ನಿಲ್ಲಲಿಲ್ಲ. ಪ್ಯಾರಿಸ್‌ನ ಒಂದು ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕ ವಿಕ್ಟರ್ ವಾನೆ ಅವನ ಸ್ನೇಹಿತನಾಗಿದ್ದ. 1905ರಲ್ಲಿ ಆ ಶಾಲೆಯಲ್ಲಿಯೇ ಒಂದು ಪ್ರಯೋಗಾಲಯ ತೆರೆದರು. ಯಾವ ವಯಸ್ಸಿನ ಮಗು ಓದು, ಲೆಕ್ಕಗಳಲ್ಲಿ ಎಷ್ಟು ಕಲಿತಿರುತ್ತದೆ ಎಂಬ ಪಟ್ಟಿಯನ್ನು ವಾನೆ ತನ್ನ ಶಾಲೆಯ ಅನುಭವದಿಂದ ತಯಾರಿಸಿದ. ಕೆಲವೇ ನಿಮಿಷಗಳಲ್ಲಿ ಮಗು ಎಲ್ಲಿದೆ ಎಂದು ಶಿಕ್ಷಕರು ತಿಳಿಯಬಹುದಿತ್ತು.

ಓದಿಗೆ ಐದು ಮೆಟ್ಟಿಲುಗಳಿದ್ದವು. ಮೊದಲನೆಯದು, ಅಕ್ಷರಗಳನ್ನು ಕೂಡಿಸಲು ತಡಕಾಡುವುದು. ಎರಡನೆಯದು, ಪದವನ್ನು ತುಂಡು ತುಂಡಾಗಿ ಬಿಡಿಸಿ ಓದುವುದು. ಮೂರನೆಯದು, ಪದಗಳನ್ನು ಓದಿದರೂ ನಡುನಡುವೆ ತಡವರಿಸುವುದು. ನಾಲ್ಕನೆಯದು, ಸರಾಗವಾಗಿ ಓದುವುದು. ಐದನೆಯದು, ಅರ್ಥಕ್ಕೆ ತಕ್ಕ ಏರಿಳಿತದಿಂದ ಓದುವುದು. ಮಗುವಿಗೆ ಓದಲು ಬರುವುದಿಲ್ಲ ಎಂದು ಹೇಳುವುದಕ್ಕೂ, ಮಗು ಎರಡನೆಯ ಮೆಟ್ಟಿಲಲ್ಲಿದೆ ಎಂದು ಹೇಳುವುದಕ್ಕೂ ಎಷ್ಟು ವ್ಯತ್ಯಾಸವಿದೆ ನೋಡಿ! ಮೊದಲ ಮಾತಿನಿಂದ ಶಿಕ್ಷಕರಿಗೆ ಏನೂ ತಿಳಿಯದು. ಎರಡನೆಯ ಮಾತಿನಿಂದ ನಾಳೆ ಎಲ್ಲಿಂದ ಕಲಿಸಬೇಕೆಂದು ತಿಳಿಯುತ್ತದೆ.

ಮಗು ಹಿಂದೆ ಉಳಿದಿದ್ದರೆ ಕಾರಣ ಹುಡುಕಬೇಕು ಎಂದು ಬಿನೆ ಹೇಳಿದ. ಕಾಯಿಲೆಯಿಂದ ಬಹಳ ದಿನ ಶಾಲೆ ತಪ್ಪಿತೇ? ಕಿವಿ ಸರಿಯಾಗಿ ಕೇಳುತ್ತದೆಯೇ? ಕಪ್ಪುಹಲಗೆಯ ಅಕ್ಷರ ಕಾಣದ ಮಗು ಗಮನವಿಲ್ಲದ ಮಗುವಿನಂತೆ ತೋರುತ್ತದೆ. ಅದಕ್ಕಾಗಿ ಮಕ್ಕಳ ದೃಷ್ಟಿಯನ್ನು ಶಿಕ್ಷಕರೇ ಶಾಲೆಯಲ್ಲಿ ಪರೀಕ್ಷಿಸುವ ಸರಳ ವಿಧಾನವನ್ನೂ ಅವನು ರೂಪಿಸಿದ. ಇಂಥ ಮಗುವಿಗೆ ಬೇಕಾದದ್ದು ಬೈಗುಳವಲ್ಲ, ಮುಂದಿನ ಸಾಲಿನಲ್ಲಿ ಒಂದು ಜಾಗ ಅಥವಾ ಒಂದು ಕನ್ನಡಕ.

ಅಳೆದ ಮೇಲೆ ಏನು?

ಅಳೆದು ಸುಮ್ಮನಾದರೆ ಪ್ರಯೋಜನವಿಲ್ಲ. ನಿಧಾನವಾಗಿ ಕಲಿಯುವ ಮಕ್ಕಳಿಗಾಗಿ ವಿಶೇಷ ತರಗತಿಗಳು ಆರಂಭವಾದವು. 1909ರಲ್ಲಿ ಫ್ರಾನ್ಸ್ ಇಂಥ ತರಗತಿಗಳಿಗಾಗಿ ಕಾನೂನನ್ನೇ ತಂದಿತು. ಅಲ್ಲಿ ಪಾಠಕ್ಕಿಂತ ಮೊದಲು ಕಲಿಯುವುದನ್ನು ಕಲಿಸಬೇಕು ಎಂದು ಬಿನೆ ಹೇಳಿದ. ಗಮನ ಕೊಡುವುದು, ಕೇಳುವುದು, ನೋಡಿದ್ದನ್ನು ನೆನಪಿಡುವುದು, ಇವಕ್ಕೆಲ್ಲ ಆಟಗಳಿದ್ದವು. ಪ್ರತಿಮೆಯ ಹಾಗೆ ಅಲುಗಾಡದೆ ನಿಲ್ಲುವುದು ಒಂದು ಆಟ. ತುಂಬಿದ ನೀರಿನ ಪಾತ್ರೆಯನ್ನು ಚೆಲ್ಲದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವುದು ಇನ್ನೊಂದು. ಹಲಗೆಯ ಮೇಲೆ ಅಂಟಿಸಿದ ವಸ್ತುಗಳನ್ನು ಐದು ಸೆಕೆಂಡು ನೋಡಿ, ನೆನಪಿನಿಂದ ಬರೆಯುವುದು ಮತ್ತೊಂದು. ದಿನದಿನದ ಅಭ್ಯಾಸದಿಂದ ಮಕ್ಕಳು ಮೊದಲಿಗಿಂತ ಹೆಚ್ಚು ನೆನಪಿಡತೊಡಗಿದರು. ಅಭ್ಯಾಸದಿಂದ ದೇಹ ಗಟ್ಟಿಯಾಗುವಂತೆ ಮನಸ್ಸೂ ಬೆಳೆಯುತ್ತದೆ ಎಂದು ಅವನು ನಂಬಿದ್ದ. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಹೆಚ್ಚಾಗದು ಎನ್ನುವವರನ್ನು 1909ರ ತನ್ನ ಪುಸ್ತಕದಲ್ಲಿ ಕಟುವಾಗಿ ವಿರೋಧಿಸಿದ. ವಿಶೇಷ ತರಗತಿಗೆ ಸೇರುವಾಗ ಒಮ್ಮೆ, ಆಮೇಲೆ ಮತ್ತೆ ಮಕ್ಕಳನ್ನು ಪರೀಕ್ಷಿಸಬೇಕು, ಆಗ ಮಗು ಎಷ್ಟು ಕಲಿತಿತು ಎಂಬುದರ ಜೊತೆಗೆ ಕಲಿಸಿದ ರೀತಿ ಸರಿಯಿತ್ತೇ ಎಂಬುದೂ ತಿಳಿಯುತ್ತದೆ ಎಂಬುದು ಅವನ ವಿಚಾರ.

1911ರಲ್ಲಿ ಬಿನೆ ಪರೀಕ್ಷೆಯನ್ನು ಮತ್ತೊಮ್ಮೆ ತಿದ್ದಿದ. ಅದೇ ವರ್ಷ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ ತೀರಿಕೊಂಡ.

ಅಳತೆ ದಾರಿ ತಪ್ಪಿದಾಗ

ಮರುವರ್ಷವೇ ಜರ್ಮನಿಯ ಸ್ಟರ್ನ್ ಎಂಬ ವಿದ್ವಾಂಸ ಮಗುವಿನ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಸೂತ್ರ ಕೊಟ್ಟ. ಅಮೆರಿಕದ ಟರ್ಮನ್ 1916ರಲ್ಲಿ ಅದನ್ನು ನೂರರಿಂದ ಗುಣಿಸಿ ಬಳಕೆಗೆ ತಂದ. ಅದೇ ನೀವು ಕೇಳಿರುವ ಐಕ್ಯೂ ಅಥವಾ ಬುದ್ಧಿಸೂಚ್ಯಂಕ. ಸಹಾಯ ಬೇಕಾದ ಮಕ್ಕಳನ್ನು ಹುಡುಕಲು ಹುಟ್ಟಿದ ಪರೀಕ್ಷೆ ಅಲ್ಲಿ ಜನರಿಗೆ ಮುದ್ರೆ ಒತ್ತುವ ಸಾಧನವಾಯಿತು. ಹಡಗಿನಿಂದ ಆಗತಾನೆ ಇಳಿದ, ಆ ದೇಶದ ಭಾಷೆ ಬಾರದ ವಲಸೆಗಾರರನ್ನೂ ಇದರಿಂದ ಪರೀಕ್ಷಿಸಿ ಮಂದಬುದ್ಧಿಯವರು ಎಂದು ಹೇಳಿದ್ದುಂಟು. ಹೇಳಿ, ನಿಮಗೆ ಗೊತ್ತಿಲ್ಲದ ಭಾಷೆಯವರು ಪ್ರಶ್ನೆ ಕೇಳಿದರೆ ನೀವು ಉತ್ತರಿಸಬಲ್ಲಿರಾ?

ನಮ್ಮ ನಾಡಿನಲ್ಲಿ ಈ ಎಚ್ಚರವನ್ನು ವಹಿಸಿದವರು ವಿ. ವಿ. ಕಾಮತ್ ಅವರು. ಧಾರವಾಡದ ಭಾಗದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಅವರು ಬಿನೆಯ ಪರೀಕ್ಷೆಯನ್ನು ತಿದ್ದಿ, 1934ರಲ್ಲಿ ಆ ಕೆಲಸವನ್ನು ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಅದಕ್ಕೆ ಹೆಸರಾಯಿತು.

ನಮ್ಮ ತರಗತಿಯಲ್ಲಿ

ನೀವು ಚಿಕ್ಕ ತರಗತಿಯಲ್ಲಿ ನಲಿ-ಕಲಿ ಕಲಿತಿದ್ದರೆ ಬಿನೆಯ ವಿಚಾರ ನಿಮಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಕಲಿಕೆಗೆ ಏಣಿಯಿದೆ. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಗೆ ಒಂದು ತಟ್ಟೆ, ಸ್ವಂತ ಕಲಿಯುವವರಿಗೆ ಇನ್ನೊಂದು ತಟ್ಟೆ. ಇಂದು ಪೂರ್ಣ ಸಹಾಯದ ತಟ್ಟೆಯಲ್ಲಿ ಕುಳಿತವನು ಕೆಲವು ದಿನಗಳಲ್ಲಿ ಬೇರೆ ತಟ್ಟೆಗೆ ಹೋಗುತ್ತಾನೆ. ಯಾರಿಗೂ ಒಂದೇ ತಟ್ಟೆ ಕಾಯಂ ಅಲ್ಲ. ದೊಡ್ಡ ತರಗತಿಗಳಲ್ಲಿ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶವೂ ಇದೇ. ನೀವು ಭಿನ್ನರಾಶಿಯ ಕೂಡುವ ಲೆಕ್ಕದಲ್ಲಿ ತಪ್ಪಿದ್ದೀರಿ ಎಂದರೆ, ನಾಳೆ ಆ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಹೇಳಿಕೊಡಿ ಎಂಬ ಸಂದೇಶ ಶಿಕ್ಷಕರಿಗೆ ತಲುಪಿತು ಎಂದರ್ಥ.

ಕೊನೆಗೆ ಮತ್ತೆ ಮಾರಿಕಣಿವೆಗೆ ಬರೋಣ. 1933ರಲ್ಲಿ ಅದರ ಕೋಡಿ ಹರಿಯಿತು. ಆಮೇಲೆ ಎಷ್ಟೋ ದಶಕಗಳು ಕಳೆದರೂ ಮತ್ತೆ ಕೋಡಿ ಬೀಳಲಿಲ್ಲ. ಇನ್ನು ತುಂಬುವುದಿಲ್ಲ ಎಂದುಕೊಂಡವರು ಅನೇಕರು. ಭದ್ರಾ ನೀರು ಹರಿದು ಬಂತು, ಒಳ್ಳೆಯ ಮಳೆಯೂ ಆಯಿತು. 89 ವರ್ಷಗಳ ನಂತರ, 2022ರಲ್ಲಿ ಕೋಡಿ ಹರಿಯಿತು. 2025ರ ಜನವರಿಯಲ್ಲಿ ಇನ್ನೊಮ್ಮೆ ಹರಿಯಿತು. ಅಳತೆ ಕಡಿಮೆ ತೋರಿಸಿದ ದಿನ ಅದು ಸುಳ್ಳು ಹೇಳಿರಲಿಲ್ಲ. ಎಂದೆಂದಿಗೂ ತುಂಬದು ಎಂದವರ ಮಾತು ಮಾತ್ರ ಸುಳ್ಳಾಯಿತು. ಮುಂದಿನ ಸಲ ನಿಮ್ಮ ಪಕ್ಕದಲ್ಲಿ ಕುಳಿತವರಿಗೆ ಅಂಕ ಕಡಿಮೆ ಬಂದಾಗ ಇದನ್ನು ನೆನಪಿಸಿಕೊಳ್ಳಿ. ನಿಮಗೇ ಕಡಿಮೆ ಬಂದಾಗಲೂ ನೆನಪಿಸಿಕೊಳ್ಳಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ತಟ್ಟೆ, ಒಂದು ಟವೆಲ್, ಒಂಬತ್ತು ಚಿಕ್ಕ ವಸ್ತುಗಳು (ಬಳಪ, ಹುಣಸೆಬೀಜ, ಗುಂಡಿ, ಕೀಲಿ, ರಬ್ಬರ್ ಇತ್ಯಾದಿ).

ವಿಧಾನ: ನಿಮ್ಮ ಗೆಳೆಯ ಅಥವಾ ಗೆಳತಿ ವಸ್ತುಗಳನ್ನು ತಟ್ಟೆಯಲ್ಲಿ ಹರಡಿ, ಐದು ಸೆಕೆಂಡು ತೋರಿಸಿ, ಟವೆಲ್ ಮುಚ್ಚಲಿ. ನೆನಪಿಗೆ ಬಂದ ವಸ್ತುಗಳನ್ನು ಬರೆಯಿರಿ. ಸರಿಯಾದವು ಎಷ್ಟು ಎಂದು ದಿನಾಂಕದೊಂದಿಗೆ ಗುರುತು ಮಾಡಿಕೊಳ್ಳಿ. ಪ್ರತಿದಿನ ವಸ್ತುಗಳನ್ನು ಬದಲಿಸಿ, ಎರಡು ವಾರ ಮುಂದುವರಿಸಿ. ನಂತರ ಗ್ರಾಫ್ ಹಾಳೆಯಲ್ಲಿ ದಿನಗಳನ್ನು ಅಡ್ಡಸಾಲಿನಲ್ಲೂ ಸಂಖ್ಯೆಗಳನ್ನು ಉದ್ದಸಾಲಿನಲ್ಲೂ ಗುರುತಿಸಿ ರೇಖೆ ಎಳೆಯಿರಿ.

ಯೋಚಿಸಿ: ನಿಮ್ಮ ರೇಖೆ ಏರಿತೇ? ಇಳಿದ ದಿನ ಕಾರಣವೇನಿತ್ತು? ನಿದ್ದೆ ಕಡಿಮೆಯಾಗಿತ್ತೇ, ಅಕ್ಕಪಕ್ಕ ಗದ್ದಲವಿತ್ತೇ? ನಿಮ್ಮ ರೇಖೆಯನ್ನು ಬೇರೆಯವರ ರೇಖೆಯ ಜೊತೆ ಹೋಲಿಸಬೇಡಿ. ನಿಮ್ಮದೇ ಮೊದಲ ದಿನದ ಜೊತೆ ಹೋಲಿಸಿ.